ಅಮೆರಿಕದ ಸರ್ಕಾರಿ ಶಾಲೆಗಳ ಪ್ರಮಾಣಬದ್ಧ ಪರೀಕ್ಷೆಗಳು: ಪೋಷಕರು ಫಲಿತಾಂಶ ಓದುವ ಬಗೆ

ಬೆಂಗಳೂರಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಬೋರ್ಡು ಕಂಡರೆ ಅದು ಬಹುಮಟ್ಟಿಗೆ ಶುಲ್ಕ ಕಟ್ಟಿ ಸೇರುವ ಖಾಸಗಿ ಶಾಲೆ. ಅಮೆರಿಕದಲ್ಲಿ ಅದೇ ಹೆಸರು ತೆರಿಗೆ ಹಣದಿಂದ ನಡೆಯುವ, ಶುಲ್ಕವಿಲ್ಲದ ಸರ್ಕಾರಿ ಶಾಲೆಯದು. ಈ ಶಾಲೆಗಳಲ್ಲಿ ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿವರ್ಷ, ಹೈಸ್ಕೂಲಿನಲ್ಲಿ ಒಮ್ಮೆ, ಓದು ಮತ್ತು ಗಣಿತದಲ್ಲಿ ರಾಜ್ಯಮಟ್ಟದ ಪರೀಕ್ಷೆ ನಡೆಯಲೇಬೇಕು ಎಂಬುದು ಅಲ್ಲಿನ ಒಕ್ಕೂಟ ಸರ್ಕಾರದ ಕಾನೂನು. ವಿಜ್ಞಾನದ ಪರೀಕ್ಷೆ ಮೂರು ಹಂತಗಳಲ್ಲಿ ತಲಾ ಒಮ್ಮೆ. ಇವುಗಳ ಜೊತೆಗೆ ಸ್ಥಳೀಯ ಶಾಲೆಗಳ ಆಡಳಿತ ನಡೆಸುವ ಶಾಲಾ ಡಿಸ್ಟ್ರಿಕ್ಟುಗಳು ತಾವಾಗಿ ಕೊಳ್ಳುವ ಪರೀಕ್ಷೆಗಳು, ಇಂಗ್ಲಿಷ್ ಬಾರದ ಮಕ್ಕಳಿಗಿರುವ ಭಾಷಾ ಪರೀಕ್ಷೆಗಳು, ರಾಷ್ಟ್ರಮಟ್ಟದ ಸಮೀಕ್ಷೆ ಎಲ್ಲ ಸೇರಿ ಒಂದು ದೊಡ್ಡ ಸಂಸಾರವೇ ಇದೆ. ಎಲ್ಲಕ್ಕೂ ಒಟ್ಟು ಹೆಸರು ಪ್ರಮಾಣಬದ್ಧ ಪರೀಕ್ಷೆ ಅಥವಾ ಸ್ಟ್ಯಾಂಡರ್ಡೈಸ್ಡ್ ಟೆಸ್ಟ್.

ಪ್ರಮಾಣಬದ್ಧ ಎಂದರೆ ಗುಣಮಟ್ಟ ಹೆಚ್ಚು ಎಂದಲ್ಲ. ಸಂತೆಯಲ್ಲಿ ಒಬ್ಬೊಬ್ಬ ವ್ಯಾಪಾರಿಯ ಸೇರೂ ಒಂದೊಂದು ಗಾತ್ರವಿದ್ದರೆ ಎರಡು ಅಂಗಡಿಗಳ ಅಕ್ಕಿಯನ್ನು ಹೋಲಿಸುವಂತಿಲ್ಲ. ಹಾಗೆಯೇ ಒಬ್ಬ ಟೀಚರ್ ಧಾರಾಳವಾಗಿ, ಇನ್ನೊಬ್ಬರು ಬಿಗಿಯಾಗಿ ಅಂಕ ಕೊಟ್ಟರೆ ಎರಡು ತರಗತಿಗಳ ಹೋಲಿಕೆ ಸಾಧ್ಯವಿಲ್ಲ. ಎಲ್ಲ ಮಕ್ಕಳಿಗೂ ಒಂದೇ ಪಠ್ಯವ್ಯಾಪ್ತಿ, ಒಂದೇ ಸೂಚನೆ, ಒಂದೇ ರೀತಿಯ ಮೌಲ್ಯಮಾಪನ ಇಟ್ಟುಕೊಂಡರೆ ಒಂದು ಸಾಮಾನ್ಯ ಸೇರು ಸಿಗುತ್ತದೆ. ಆ ಸೇರಿನಿಂದ ಏನನ್ನು ಅಳೆಯಲು ಹೊರಟಿದ್ದಾರೆ ಎಂಬುದು ಬೇರೆಯದೇ ಪ್ರಶ್ನೆ. ಪೋಷಕರ ಗೊಂದಲವೆಲ್ಲ ಹುಟ್ಟುವುದು ಅಲ್ಲಿಯೇ.

ಕರ್ನಾಟಕದಲ್ಲಿ ಓದಿ ಬೆಳೆದ ತಂದೆತಾಯಿಗೆ ಪರೀಕ್ಷೆ ಎಂದ ಕೂಡಲೇ ನೆನಪಾಗುವುದು ಎಸ್ಸೆಸ್ಸೆಲ್ಸಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು, ಒಟ್ಟು 625. ಆ ಸಂಖ್ಯೆ ಮಗುವಿನದು. ಅದರ ಮೇಲೆ ಕಾಲೇಜು, ವಿಭಾಗ, ನೆಂಟರ ಮಾತು ಎಲ್ಲ ನಿಂತಿರುತ್ತದೆ. ಅಂಥ ಮನೆಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮೂರನೇ ತರಗತಿಯ ಮಗಳ ಫಲಿತಾಂಶದ ಹಾಳೆ ಬಂದಾಗ ಅದರಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ, ರ‍್ಯಾಂಕೂ ಇಲ್ಲ. ಬದಲಿಗೆ 2436ರಂಥ ಒಂದು ಸಂಖ್ಯೆ, ಅದರ ಸುತ್ತ ಒಂದು ಪಟ್ಟಿ, ನಾಲ್ಕು ಮಟ್ಟಗಳ ಬಣ್ಣಗಳು. ಇದನ್ನು ಎಸ್ಸೆಸ್ಸೆಲ್ಸಿ ಕಣ್ಣಿನಿಂದ ಓದಿದರೆ ತಪ್ಪು ಖಚಿತ. ಏಕೆಂದರೆ ಈ ಪರೀಕ್ಷೆ ಹುಟ್ಟಿದ್ದು ಮಗುವಿಗಿಂತ ಹೆಚ್ಚಾಗಿ ಶಾಲೆಯನ್ನು ಪರೀಕ್ಷಿಸಲು.

ಇದು 1845ರ ಬಾಸ್ಟನ್ನಿನಿಂದಲೇ ಕಾಣುತ್ತದೆ. ಅಲ್ಲಿಯವರೆಗೆ ಶಾಲೆಗಳ ಪರೀಕ್ಷೆ ಎಂದರೆ ಸಮಿತಿಯವರು ಬಂದು ಮಕ್ಕಳನ್ನು ಬಾಯಿಪ್ರಶ್ನೆ ಕೇಳುವ ಒಂದು ಸಮಾರಂಭ. ಮ್ಯಾಸಚೂಸೆಟ್ಸಿನ ಶಿಕ್ಷಣ ಸುಧಾರಕ ಹೊರೇಸ್ ಮ್ಯಾನ್ ಮತ್ತು ಅವರ ಗೆಳೆಯ ಸ್ಯಾಮ್ಯುಯೆಲ್ ಗ್ರಿಡ್ಲಿ ಹೋವ್ ಅವರ ಬಳಗಕ್ಕೆ ಇದು ಸಾಲದೆನಿಸಿತು. ನಗರದ ಗ್ರಾಮರ್ ಶಾಲೆಗಳ ಆಯ್ದ ಮಕ್ಕಳಿಗೆ ಮುದ್ರಿತ ಪ್ರಶ್ನೆಪತ್ರಿಕೆ ಕೊಟ್ಟು ಉತ್ತರ ಬರೆಸಲಾಯಿತು. ಫಲಿತಾಂಶ ನಿರಾಶೆ ತಂದಿತು. ಶಾಲೆ ಶಾಲೆಗಳ ಅಂತರ ಬಯಲಾಯಿತು. ಮುಖ್ಯೋಪಾಧ್ಯಾಯರು ಕೋಪಗೊಂಡರು. ಸುಧಾರಕರಿಗೆ ಬೇಕಿದ್ದುದೂ ಅದೇ: ಶಾಲೆಯ ಒಳಗಿನ ಸ್ಥಿತಿ ಸಾರ್ವಜನಿಕರ ಕೈಗೆ ಸಿಗುವುದು.

ಮುಂದಿನ ಕಥೆಯಲ್ಲಿ ಯಂತ್ರಗಳದೇ ದೊಡ್ಡ ಪಾತ್ರ. 1915ರ ಸುಮಾರಿಗೆ ಕ್ಯಾನ್ಸಸ್ಸಿನ ಫ್ರೆಡರಿಕ್ ಕೆಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಓದಿನ ಪರೀಕ್ಷೆ ರೂಪಿಸಿದರು. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಸೈನಿಕರನ್ನು ವಿಂಗಡಿಸಲು ಆರ್ಮಿ ಆಲ್ಫಾ, ಆರ್ಮಿ ಬೀಟಾ ಎಂಬ ಸಾಮೂಹಿಕ ಬುದ್ಧಿಪರೀಕ್ಷೆಗಳು ಬಂದವು. ಅವುಗಳ ಮಾದರಿ ಯುದ್ಧದ ನಂತರ ಶಾಲೆಗಳಿಗೂ ಇಳಿಯಿತು. ಆ ಕಾಲದ ಪರೀಕ್ಷಾ ತಜ್ಞರಲ್ಲಿ ಹಲವರು ಜನಾಂಗ ಮತ್ತು ವಲಸಿಗರ ಬಗ್ಗೆ ಇಟ್ಟುಕೊಂಡಿದ್ದ ನಂಬಿಕೆಗಳು ಇಂದು ಓದಿದರೆ ಮನಸ್ಸು ನೋಯಿಸುವಂಥವು. ಕಾಲೇಜು ಪ್ರವೇಶದ ಎಸ್ಎಟಿ ಪರೀಕ್ಷೆಯನ್ನು 1926ರಲ್ಲಿ ರೂಪಿಸಿದ ಕಾರ್ಲ್ ಬ್ರಿಗ್ಯಾಮ್ ಕೂಡ ಅಂಥ ಪುಸ್ತಕ ಬರೆದು, ಕೆಲವು ವರ್ಷಗಳಲ್ಲಿ ತನ್ನ ತೀರ್ಮಾನಗಳು ತಪ್ಪೆಂದು ಒಪ್ಪಿಕೊಂಡರು. ಅಯೋವಾ ವಿಶ್ವವಿದ್ಯಾಲಯದ ಇ. ಎಫ್. ಲಿಂಡ್‌ಕ್ವಿಸ್ಟ್ 1950ರ ದಶಕದಲ್ಲಿ ಉತ್ತರಪತ್ರಿಕೆಗಳನ್ನು ಸರಸರನೆ ಓದುವ ಯಂತ್ರ ತಯಾರಿಸಿದ ಮೇಲೆ ಲಕ್ಷಾಂತರ ಮಕ್ಕಳನ್ನು ಒಟ್ಟಿಗೆ ಪರೀಕ್ಷಿಸುವುದು ಅಗ್ಗದ ಕೆಲಸವಾಯಿತು.

ಕಾನೂನಿನ ಬಲ ಬಂದದ್ದು ಇನ್ನೂ ತಡವಾಗಿ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಶಿಕ್ಷಣ ಕಾಯ್ದೆ ಬಡ ಮಕ್ಕಳ ಶಾಲೆಗಳಿಗೆ ಒಕ್ಕೂಟದ ಹಣ ಕೊಟ್ಟಿತು. ಹಣ ಕೊಟ್ಟವರು ಲೆಕ್ಕ ಕೇಳುವುದು ಸಹಜ. 1983ರಲ್ಲಿ ದೇಶದ ಶಾಲೆಗಳು ಅಪಾಯದಲ್ಲಿವೆ ಎಂದು ಸಾರಿದ ಸರ್ಕಾರಿ ವರದಿಯೊಂದು ಆತಂಕ ಎಬ್ಬಿಸಿತು. 2002ರ ಜನವರಿಯಲ್ಲಿ ಜಾರ್ಜ್ ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ ವಾರ್ಷಿಕ ಪರೀಕ್ಷೆಯನ್ನು ಕಡ್ಡಾಯ ಮಾಡಿ, 2014ರ ಹೊತ್ತಿಗೆ ಪ್ರತಿಯೊಂದು ಮಗುವೂ ನಿಗದಿತ ಮಟ್ಟ ಮುಟ್ಟಬೇಕೆಂದಿತು. ನೂರಕ್ಕೆ ನೂರು! ಗುರಿ ಈಡೇರಲಿಲ್ಲ, ಈಡೇರುವಂಥದ್ದೂ ಆಗಿರಲಿಲ್ಲ. ಆದರೆ ಆ ಕಾಯ್ದೆ ಒಂದು ಒಳ್ಳೆಯ ಕೆಲಸ ಮಾಡಿತು: ಬಡವರು, ಕಪ್ಪುವರ್ಣೀಯರು, ಅಂಗವಿಕಲರು, ಇಂಗ್ಲಿಷ್ ಕಲಿಯುತ್ತಿರುವವರು ಎಂದು ಗುಂಪುಗುಂಪಾಗಿ ಫಲಿತಾಂಶ ಪ್ರಕಟಿಸಲು ಹೇಳಿತು. ಶಾಲೆಯ ಸರಾಸರಿಯ ಹಿಂದೆ ಅಡಗಿಹೋಗಿದ್ದ ಮಕ್ಕಳು ಮೊದಲ ಬಾರಿಗೆ ಲೆಕ್ಕಕ್ಕೆ ಸಿಕ್ಕರು. 2015ರ ಡಿಸೆಂಬರಿನಲ್ಲಿ ಬರಾಕ್ ಒಬಾಮ ಸಹಿ ಹಾಕಿದ ಹೊಸ ಕಾಯ್ದೆ ಗುರಿ ಮುಟ್ಟದ ಶಾಲೆಗಳ ಮೇಲಿನ ಕ್ರಮವನ್ನು ರಾಜ್ಯಗಳಿಗೆ ಬಿಟ್ಟು, ಪರೀಕ್ಷೆಯನ್ನು ಉಳಿಸಿಕೊಂಡಿತು. ಇಂದು ಜಾರಿಯಲ್ಲಿರುವುದು ಅದೇ.

ಪರೀಕ್ಷೆ ಕಡ್ಡಾಯ, ಆದರೆ ಯಾವ ಪರೀಕ್ಷೆ ಎಂಬುದು ರಾಜ್ಯದ ಆಯ್ಕೆ. ಕ್ಯಾಲಿಫೋರ್ನಿಯಾದಲ್ಲಿ ‘ಸ್ಮಾರ್ಟರ್ ಬ್ಯಾಲೆನ್ಸ್ಡ್’, ಟೆಕ್ಸಸ್ಸಿನಲ್ಲಿ ‘ಸ್ಟಾರ್’, ಮ್ಯಾಸಚೂಸೆಟ್ಸಿನಲ್ಲಿ ‘ಎಂಕ್ಯಾಸ್’, ಫ್ಲೋರಿಡಾದಲ್ಲಿ ‘ಫಾಸ್ಟ್’. ಕೆಲಸ ಬದಲಾಯಿಸಿ ಡಲ್ಲಾಸಿನಿಂದ ಸ್ಯಾನ್ ಹೋಸೆಗೆ ಹೋದ ಕುಟುಂಬಕ್ಕೆ ಹಳೆಯ ಅಂಕವನ್ನು ಹೊಸ ಅಂಕದೊಡನೆ ಹೋಲಿಸುವ ದಾರಿಯಿಲ್ಲ. ಅಳತೆಯ ಪಟ್ಟಿಯೇ ಬೇರೆ.

ಈ ರಾಜ್ಯ ಪರೀಕ್ಷೆಗಳು ಮಗುವನ್ನು ಬೇರೆ ಮಕ್ಕಳ ಜೊತೆ ಹೋಲಿಸುವುದಿಲ್ಲ. ಆ ತರಗತಿಗೆ ರಾಜ್ಯ ಗೊತ್ತುಮಾಡಿದ ಕಲಿಕೆಯ ಪಟ್ಟಿಯೊಂದಿಗೆ ಹೋಲಿಸುತ್ತವೆ. ಆದ್ದರಿಂದ ಸಿದ್ಧಾಂತದ ಮಟ್ಟಿಗೆ ಎಲ್ಲ ಮಕ್ಕಳೂ ಮೇಲಿನ ಮಟ್ಟದಲ್ಲಿ ಬರಬಹುದು. ಇದಕ್ಕೆ ಎದುರಾಗಿ ಡಿಸ್ಟ್ರಿಕ್ಟುಗಳು ಕೊಳ್ಳುವ ‘ಮ್ಯಾಪ್ ಗ್ರೋತ್’, ಅಯೋವಾ ಪರೀಕ್ಷೆ, ಪ್ರತಿಭಾವಂತ ಮಕ್ಕಳ ಆಯ್ಕೆಗೆ ಬಳಸುವ ‘ಕಾಗ್ಯಾಟ್’ ಮುಂತಾದವು ದೇಶದ ಇತರ ಮಕ್ಕಳ ಜೊತೆ ಹೋಲಿಸುತ್ತವೆ. ಅಲ್ಲಿ ಬರುವುದು ಪರ್ಸೆಂಟೈಲ್. ಜೆಇಇ ಫಲಿತಾಂಶ ಕಂಡ ಮನೆಗಳಿಗೆ ಈ ಪದ ಹೊಸದಲ್ಲ. ಆದರೂ ಹಾಳೆಯಲ್ಲಿ 62 ಎಂದು ಕಂಡ ತಕ್ಷಣ ನೂರಕ್ಕೆ ಅರವತ್ತೆರಡು ಎಂದು ಮುಖ ಬಾಡುವುದುಂಟು. 62ನೇ ಪರ್ಸೆಂಟೈಲ್ ಎಂದರೆ ಅದೇ ತರಗತಿಯ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 62 ಮಕ್ಕಳು ಈ ಮಗುವಿಗಿಂತ ಹಿಂದಿದ್ದಾರೆ ಎಂದರ್ಥ. ಎಷ್ಟು ಪ್ರಶ್ನೆ ಸರಿಯಾಯಿತು ಎಂಬುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ.

ಈ ಹೋಲಿಕೆಯಲ್ಲಿ ಒಂದು ಅಪಾಯ ಅಡಗಿದೆ. ಅದನ್ನು ಬಯಲಿಗೆಳೆದವರು ಪರೀಕ್ಷಾ ತಜ್ಞರಲ್ಲ, ವೆಸ್ಟ್ ವರ್ಜೀನಿಯಾದ ವೈದ್ಯ ಜಾನ್ ಜೇಕಬ್ ಕ್ಯಾನೆಲ್. ಬಡತನ ಹೆಚ್ಚಿರುವ ತನ್ನ ರಾಜ್ಯದ ಮಕ್ಕಳು ರಾಷ್ಟ್ರೀಯ ಸರಾಸರಿಗಿಂತ ಮೇಲಿದ್ದಾರೆಂಬ ಸುದ್ದಿ ಅವರನ್ನು ಅಚ್ಚರಿಗೊಳಿಸಿತು. ಬೇರೆ ರಾಜ್ಯಗಳನ್ನು ವಿಚಾರಿಸಿ ನೋಡಿದರೆ ಎಲ್ಲ 50 ರಾಜ್ಯಗಳೂ ಸರಾಸರಿಗಿಂತ ಮೇಲೆಯೇ ಇದ್ದವು! 1987ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎಲ್ಲರೂ ಸರಾಸರಿಗಿಂತ ಮೇಲಿರುವುದು ಹೇಗೆ? ಹೋಲಿಕೆಯ ಗುಂಪು ಹಳೆಯದು. ಅದೇ ಪ್ರಶ್ನೆಪತ್ರಿಕೆ ವರ್ಷವರ್ಷವೂ ಬಳಕೆಯಾಗಿ ಶಾಲೆಗಳಿಗೆ ಪರಿಚಿತವಾಗಿತ್ತು. ರೇಡಿಯೋ ಕಥೆಗಳ ಒಂದು ಕಾಲ್ಪನಿಕ ಊರಿನ ಹೆಸರಿನಿಂದ ಇದನ್ನು ‘ಲೇಕ್ ವೋಬಿಗಾನ್ ಪರಿಣಾಮ’ ಎಂದು ಕರೆದರು. ಪರ್ಸೆಂಟೈಲ್ ಕಂಡಾಗ ಯಾರ ಜೊತೆಗಿನ ಹೋಲಿಕೆ, ಯಾವ ವರ್ಷದ್ದು ಎಂದು ಕೇಳುವ ಹಕ್ಕು ಪ್ರತಿ ಪೋಷಕರಿಗೂ ಇದೆ.

ಇನ್ನು ಆ ನಾಲ್ಕಂಕಿಯ ಸಂಖ್ಯೆ. ಸ್ಮಾರ್ಟರ್ ಬ್ಯಾಲೆನ್ಸ್ಡ್ ಪರೀಕ್ಷೆಯ ಅಂಕಗಳು ಸುಮಾರು 2000ದಿಂದ 3000ದ ನಡುವೆ ಬರುತ್ತವೆ. ಮೂರನೇ ತರಗತಿಯ ಗಣಿತದಲ್ಲಿ ನಿರೀಕ್ಷಿತ ಮಟ್ಟ ಮುಟ್ಟಿದಂತೆ ಎನ್ನಲು 2436 ಬೇಕು. ನಾಲ್ಕನೇ ತರಗತಿಗೆ ಅದು 2485. ಎಲ್ಲ ತರಗತಿಗಳಿಗೂ ಒಂದೇ ಉದ್ದನೆಯ ಏಣಿ ಇರುವುದರಿಂದ, ಮಗು ಇದ್ದಲ್ಲೇ ಇದ್ದಂತೆ ಕಾಣಬೇಕಾದರೂ ವರ್ಷಕ್ಕೆ ಹಲವು ಮೆಟ್ಟಿಲು ಹತ್ತಿರಬೇಕು. ಈ ವರ್ಷ ಮೂವತ್ತು ಅಂಕ ಏರಿದರೂ ಮಟ್ಟ ಕೆಳಗಿಳಿಯಿತಲ್ಲ ಎಂದು ಗಾಬರಿಯಾಗುವ ಪೋಷಕರಿಗೆ ಇದು ಉತ್ತರ.

2436 ಎಂಬ ಗೆರೆ ಎಲ್ಲಿಂದ ಬಂತು? ಗೆರೆಯನ್ನು ಮನುಷ್ಯರು ಎಳೆದಿದ್ದಾರೆ. ಶಿಕ್ಷಕರು, ವಿಷಯತಜ್ಞರು ಒಟ್ಟಿಗೆ ಕೂತು, ಸುಲಭದಿಂದ ಕಷ್ಟಕ್ಕೆ ಜೋಡಿಸಿದ ಪ್ರಶ್ನೆಗಳ ಕಂತೆಯನ್ನು ಪುಟ ಪುಟವಾಗಿ ನೋಡಿ, ಇಲ್ಲಿಯವರೆಗೆ ಬಿಡಿಸಿದರೆ ಸಾಕು ಎಂದು ಗುರುತಿಡುತ್ತಾರೆ. ಹಲವು ಸುತ್ತಿನ ಚರ್ಚೆಯ ಬಳಿಕ ಅದು ಕಟ್ ಸ್ಕೋರ್ ಆಗುತ್ತದೆ. ಶ್ರದ್ಧೆಯಿಂದ ನಡೆಯುವ ಕೆಲಸವೇ. ಆದರೂ ಅದು ಸಹಮತದ ಗೆರೆ, ಥರ್ಮಾಮೀಟರಿನಲ್ಲಿ ನೀರು ಕುದಿಯುವ ಗೆರೆಯಂಥದ್ದಲ್ಲ. ಜೊತೆಗೆ ಪ್ರತಿ ಅಂಕದಲ್ಲೂ ಅಳತೆಯ ದೋಷವಿರುತ್ತದೆ. ಫಲಿತಾಂಶದ ಹಾಳೆಯಲ್ಲಿ ಅಂಕದ ಎರಡೂ ಬದಿಗೆ ಚಾಚಿದ ಸಣ್ಣ ಗೆರೆಯೊಂದು ಕಾಣುತ್ತದೆ. ಮಗು ಅದೇ ಪರೀಕ್ಷೆಯನ್ನು ಇನ್ನೊಂದು ದಿನ ಬರೆದಿದ್ದರೆ ಅಂಕ ಎಲ್ಲಿಂದೆಲ್ಲಿಗೆ ಬರಬಹುದಿತ್ತು ಎಂಬುದರ ಸೂಚನೆ ಅದು. 2430 ಬಂದ ಮಗುವಿಗೂ 2440 ಬಂದ ಮಗುವಿಗೂ ಕಲಿಕೆಯಲ್ಲಿ ಅಂತರವಿದೆ ಎಂದು ಹೇಳಲಾಗದು, ಒಬ್ಬರು ಗೆರೆಯ ಕೆಳಗೆ ಇನ್ನೊಬ್ಬರು ಮೇಲೆ ಇದ್ದರೂ. ಹಾಳೆಯ ಮೇಲಿನ ಎಲ್ಲ ಬಣ್ಣಗಳಿಗಿಂತ ಈ ಸಣ್ಣ ಗೆರೆಯೇ ಹೆಚ್ಚು ಪ್ರಾಮಾಣಿಕ.

ಮನೆಗೆ ಅಳುತ್ತ ಬರುವ ಮಕ್ಕಳಿಗಾಗಿ ಒಂದು ಮಾತು. ಸ್ಮಾರ್ಟರ್ ಬ್ಯಾಲೆನ್ಸ್ಡ್, ಮ್ಯಾಪ್ ಎರಡೂ ಕಂಪ್ಯೂಟರಿನಲ್ಲಿ ಮಗುವಿಗೆ ತಕ್ಕಂತೆ ಹೊಂದಿಕೊಳ್ಳುವ ಪರೀಕ್ಷೆಗಳು. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಷ್ಟದ್ದು, ತಪ್ಪಾದರೆ ಸುಲಭದ್ದು. ಮ್ಯಾಪ್ ಪರೀಕ್ಷೆಯಲ್ಲಿ ಚೆನ್ನಾಗಿ ಓದುವ ಮಗುವಿಗೂ ಸುಮಾರು ಅರ್ಧದಷ್ಟು ಪ್ರಶ್ನೆಗಳು ತಪ್ಪಾಗುತ್ತವೆ, ಪರೀಕ್ಷೆಯ ಕಟ್ಟೋಣವೇ ಹಾಗಿದೆ. ತರಗತಿಯಲ್ಲಿ ನೂರಕ್ಕೆ ನೂರು ತೆಗೆಯುವ ಮಗುವಿಗೆ ಇದು ಮುಂಚೆಯೇ ತಿಳಿದಿರಬೇಕು.

ಪ್ರಶ್ನೆಗಳೂ ತಪ್ಪುತ್ತವೆ. 2012ರಲ್ಲಿ ನ್ಯೂಯಾರ್ಕಿನ ಎಂಟನೇ ತರಗತಿಯ ಓದಿನ ಪರೀಕ್ಷೆಯಲ್ಲಿ ಮಾತನಾಡುವ ಅನಾನಸ್ ಹಣ್ಣೊಂದು ಮೊಲವನ್ನು ಓಟದ ಪಂದ್ಯಕ್ಕೆ ಕರೆಯುವ ಕಥೆ ಬಂತು. ಅನಾನಸ್ ಇದ್ದಲ್ಲಿಂದ ಕದಲುವುದಿಲ್ಲ, ಮೊಲ ಗೆಲ್ಲುತ್ತದೆ, ನೋಡಲು ಬಂದ ಪ್ರಾಣಿಗಳು ಅನಾನಸನ್ನು ತಿಂದುಬಿಡುತ್ತವೆ. ಪ್ರಾಣಿಗಳು ಅದನ್ನು ತಿಂದದ್ದೇಕೆ, ಅವುಗಳಲ್ಲಿ ಯಾವುದು ಹೆಚ್ಚು ಜಾಣ ಎಂಬಂಥ ಪ್ರಶ್ನೆಗಳಿಗೆ ಮಕ್ಕಳಿಗೂ ದೊಡ್ಡವರಿಗೂ ಒಪ್ಪುವ ಒಂದೇ ಉತ್ತರ ಸಿಗಲಿಲ್ಲ. ಗದ್ದಲವೆದ್ದ ಮೇಲೆ ರಾಜ್ಯ ಆ ಪ್ರಶ್ನೆಗಳನ್ನು ಲೆಕ್ಕದಿಂದ ಕೈಬಿಟ್ಟಿತು. ಹದಿಮೂರು ವರ್ಷದ ಮಕ್ಕಳು ಮನೆಗೆ ಹೋಗಿ ಹೇಳಿದ್ದರಿಂದಲೇ ವಿಷಯ ಹೊರಬಿದ್ದದ್ದು.

ರಾಜ್ಯ ಪರೀಕ್ಷೆಗಳ ಪಕ್ಕದಲ್ಲಿ ‘ನೇಪ್’ ಎಂಬ ರಾಷ್ಟ್ರೀಯ ಸಮೀಕ್ಷೆ 1969ರಿಂದ ನಡೆಯುತ್ತಿದೆ. ಮುಖ್ಯವಾಗಿ ನಾಲ್ಕು ಮತ್ತು ಎಂಟನೇ ತರಗತಿಯ ಆಯ್ದ ಮಕ್ಕಳಷ್ಟೇ ಬರೆಯುತ್ತಾರೆ. ಮಗುವಿಗಾಗಲಿ ಶಾಲೆಗಾಗಲಿ ಅಂಕ ಸಿಗುವುದಿಲ್ಲ. ಕೋವಿಡ್ ಕಾಲದ ನಷ್ಟ ಎಷ್ಟೆಂದು ದೇಶಕ್ಕೆ ತಿಳಿದದ್ದು ಇದರಿಂದ: 2019ರಿಂದ 2022ಕ್ಕೆ ಎಂಟನೇ ತರಗತಿಯ ಗಣಿತದ ಸರಾಸರಿ 282ರಿಂದ 274ಕ್ಕೆ ಕುಸಿಯಿತು. ಪತ್ರಿಕೆಗಳು ನೇಪ್ ಫಲಿತಾಂಶ ಬಂದಾಗಲೆಲ್ಲ ‘ಪ್ರೊಫಿಶಿಯಂಟ್’ ಮಟ್ಟ ಮುಟ್ಟದ ಮಕ್ಕಳಿಗೆ ತಮ್ಮ ತರಗತಿಯ ಓದು ಬರುವುದಿಲ್ಲ ಎಂದು ಬರೆದುಬಿಡುತ್ತವೆ. ಅದು ತಪ್ಪು. ನೇಪ್‌ನ ಆ ಮಟ್ಟ ತರಗತಿಯ ಸಾಮಾನ್ಯ ನಿರೀಕ್ಷೆಗಿಂತ ಎತ್ತರದ್ದೆಂದು ಸಮೀಕ್ಷೆ ನಡೆಸುವ ಸಂಸ್ಥೆಯೇ ಹೇಳುತ್ತದೆ. ಅದೇ ಪದವನ್ನು ರಾಜ್ಯಗಳು ಬೇರೆ ಬೇರೆ ಎತ್ತರಕ್ಕೆ ಬಳಸುತ್ತವೆ.

ಕನ್ನಡ ಮನೆಗಳಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಏಳುವುದು ಶಾಲೆಗೆ ಸೇರಿಸುವ ದಿನವೇ. ಅರ್ಜಿಯ ಜೊತೆ ಮನೆಭಾಷೆಯ ಫಾರಂ ಕೊಡುತ್ತಾರೆ: ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ? ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ‘ಎಲ್ಪ್ಯಾಕ್’, ಟೆಕ್ಸಸ್ಸಿನ ವಾರ್ಷಿಕ ಭಾಷಾ ಪರೀಕ್ಷೆ ‘ಟೆಲ್ಪಾಸ್’, ಇತರ ಅನೇಕ ರಾಜ್ಯಗಳಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ‘ವೀಡಾ’ ಒಕ್ಕೂಟದ ಪರೀಕ್ಷೆ. ಮಗುವಿಗೆ ಹಣೆಪಟ್ಟಿ ಬೀಳುತ್ತದೆಂದು ಹೆದರಿ, ಮನೆಯಲ್ಲಿ ಅಜ್ಜಿಯ ಜೊತೆ ದಿನವಿಡೀ ಕನ್ನಡ ಆಡುವ ಮಗುವಿಗೂ ‘ಇಂಗ್ಲಿಷ್’ ಎಂದೇ ಬರೆಯಿರಿ ಎಂಬ ಸಲಹೆ ನಮ್ಮವರಲ್ಲಿ ಬಾಯಿಂದ ಬಾಯಿಗೆ ಹರಿಯುತ್ತದೆ. ಈ ಸಲಹೆ ಮಗುವಿಗೆ ಒಳ್ಳೆಯದಲ್ಲ. ಇಂಗ್ಲಿಷ್ ಚೆನ್ನಾಗಿ ಬರುವ ಮಗು ಆ ಮೊದಲ ಪರೀಕ್ಷೆಯಲ್ಲೇ ಹೊರಬರುತ್ತದೆ. ಬಾರದ ಮಗುವಿಗೆ ನೆರವು ಸಿಗುವುದು ಕಾನೂನಿನ ಹಕ್ಕು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಭಾಷೆಯ ಮಕ್ಕಳ ಪರವಾಗಿ 1974ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಲಾವ್ ತೀರ್ಪು ಅದಕ್ಕೆ ಬುನಾದಿ. ಭಾರತದಿಂದ ಬಂದು 12 ತಿಂಗಳು ತುಂಬದ, ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ ಇಂಗ್ಲಿಷ್ ಓದಿನ ರಾಜ್ಯ ಪರೀಕ್ಷೆಯಿಂದ ಒಂದು ಬಾರಿ ವಿನಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವೂ ಇದೆ. ಫಾರಂನಲ್ಲಿ ಮನೆಭಾಷೆಯನ್ನು ಮುಚ್ಚಿಟ್ಟರೆ ಈ ಯಾವ ಬಾಗಿಲೂ ತೆರೆಯುವುದಿಲ್ಲ.

ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆ ಇರುವ ಮಗುವಿಗೆ ಹೆಚ್ಚಿನ ಸಮಯ, ಪ್ರತ್ಯೇಕ ಕೋಣೆ, ಪ್ರಶ್ನೆ ಓದಿ ಹೇಳುವ ವ್ಯವಸ್ಥೆ ಮುಂತಾದವು ಸಿಗುತ್ತವೆ. ಅಂಥ ಮಗುವಿಗಾಗಿ ಶಾಲೆ ರೂಪಿಸುವ ಐಇಪಿ ಅಥವಾ 504 ಎಂಬ ನೆರವಿನ ಯೋಜನೆಯಲ್ಲಿ ಅವು ಲಿಖಿತವಾಗಿ ಇರಬೇಕು. ಪರೀಕ್ಷೆಯ ವಾರದಲ್ಲಿ ಕೇಳಿದರೆ ತಡವಾಯಿತು.

ಅಂಕಗಳು ಮನೆ ಕೊಳ್ಳುವ ಲೆಕ್ಕಕ್ಕೂ ಇಳಿದಿವೆ. ಮನೆ ಮಾರಾಟದ ಜಾಲತಾಣಗಳಲ್ಲಿ ಪ್ರತಿ ಮನೆಯ ಪಕ್ಕ ಹತ್ತಿರದ ಶಾಲೆಗೆ ಹತ್ತಕ್ಕೆ ಇಷ್ಟು ಎಂಬ ಅಂಕ ಇರುತ್ತದೆ, ಅದರಲ್ಲಿ ಪರೀಕ್ಷಾ ಫಲಿತಾಂಶದ ಪಾಲು ದೊಡ್ಡದು. ಆದರೆ ಶಾಲೆಯ ಸರಾಸರಿ ಅಂಕ ಬಹುಪಾಲು ಹೇಳುವುದು ಅಲ್ಲಿ ಓದುವ ಮಕ್ಕಳ ಮನೆಯ ಆದಾಯ, ತಂದೆತಾಯಿಯ ಓದು. ಶಾಲೆ ಎಷ್ಟು ಕಲಿಸಿತು ಎಂಬುದು ಮಗು ಒಂದು ವರ್ಷದಿಂದ ಇನ್ನೊಂದಕ್ಕೆ ಎಷ್ಟು ಏರಿತು ಎಂಬುದರಲ್ಲಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ದೇಶದ ಸಾವಿರಾರು ಡಿಸ್ಟ್ರಿಕ್ಟುಗಳ ಅಂಕಗಳನ್ನು ಒಂದೇ ಅಳತೆಗೆ ತಂದು ನೋಡಿದಾಗ ಬಡ ಮಕ್ಕಳೇ ಹೆಚ್ಚಿರುವ ಶಿಕಾಗೋದ ಸಂಗತಿ ಎದ್ದು ಕಂಡಿತು. ಅಲ್ಲಿ ಮೂರನೇ ತರಗತಿಯ ಸರಾಸರಿ ರಾಷ್ಟ್ರೀಯ ಮಟ್ಟಕ್ಕಿಂತ ಬಹಳ ಕೆಳಗಿತ್ತು. ಆದರೆ ಮೂರರಿಂದ ಎಂಟನೇ ತರಗತಿಗೆ, ಐದು ವರ್ಷಗಳಲ್ಲಿ, ಆ ಮಕ್ಕಳು ಆರು ವರ್ಷಕ್ಕೆ ಸಮನಾದ ಕಲಿಕೆ ಸಾಧಿಸಿದ್ದರು. ಹೆಚ್ಚಿನ ಸಿರಿವಂತ ಊರುಗಳಿಗೂ ಈ ವೇಗ ಇರಲಿಲ್ಲ.

ಅಂಕಕ್ಕೆ ಶಾಲೆಯ ಮಾನ, ಟೀಚರುಗಳ ಬೋನಸ್ಸು, ಮುಖ್ಯೋಪಾಧ್ಯಾಯರ ನೌಕರಿ ಗಂಟುಬಿದ್ದಾಗ ಏನಾಗುತ್ತದೆ ಎಂಬುದನ್ನು ಅಟ್ಲಾಂಟಾ ತೋರಿಸಿತು. ಉತ್ತರಪತ್ರಿಕೆಗಳಲ್ಲಿ ತಪ್ಪನ್ನು ಅಳಿಸಿ ಸರಿ ಗುರುತಿಸಿದ ಪ್ರಮಾಣ ಅಸಹಜವಾಗಿರುವುದು ಕಂಡು ರಾಜ್ಯ ತನಿಖೆ ನಡೆಸಿತು. 2011ರ ವರದಿ 44 ಶಾಲೆಗಳ 178 ಶಿಕ್ಷಕರು, ಮುಖ್ಯೋಪಾಧ್ಯಾಯರ ಕೈವಾಡ ಹೇಳಿತು. 2015ರಲ್ಲಿ 11 ಮಂದಿಗೆ ಸಂಘಟಿತ ಅಪರಾಧದ ಕಾನೂನಿನಡಿ ಶಿಕ್ಷೆಯಾಯಿತು. ಅಲ್ಲಿ ನಿಜವಾಗಿ ಮೋಸಹೋದವರು ಓದಲು ಬಾರದೆಯೂ ಚೆನ್ನಾಗಿ ಓದುತ್ತಾರೆ ಎಂಬ ಹಾಳೆ ಮನೆಗೆ ಒಯ್ದ ಮಕ್ಕಳು. ಸುಳ್ಳು ಅಂಕದಿಂದಾಗಿ ಅವರಿಗೆ ಸಿಗಬೇಕಾದ ಹೆಚ್ಚಿನ ಪಾಠವೂ ತಪ್ಪಿಹೋಯಿತು.

ಪ್ರತಿರೋಧವೂ ಬೆಳೆದಿದೆ. 2015ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೂರರಿಂದ ಎಂಟನೇ ತರಗತಿಯ ಸುಮಾರು ಐದರಲ್ಲಿ ಒಂದು ಮಗುವಿನ ಪೋಷಕರು ಪರೀಕ್ಷೆಗೆ ಕೂರಿಸಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಲಿಖಿತ ಕೋರಿಕೆ ಕೊಟ್ಟರೆ ಮಗುವನ್ನು ಬಿಡಿಸಬಹುದು. ಟೆಕ್ಸಸ್ಸಿನಲ್ಲಿ ಅಂಥ ಅವಕಾಶವಿಲ್ಲ. ಒಕ್ಕೂಟದ ಕಾನೂನು ಮಾತ್ರ ಶೇ 95ರಷ್ಟು ಮಕ್ಕಳು ಬರೆಯಬೇಕೆನ್ನುತ್ತದೆ. ಮ್ಯಾಸಚೂಸೆಟ್ಸಿನ ಮತದಾರರು 2024ರ ನವೆಂಬರಿನಲ್ಲಿ, ಹೈಸ್ಕೂಲ್ ಡಿಪ್ಲೊಮಾಗೆ ಎಂಕ್ಯಾಸ್ ತೇರ್ಗಡೆ ಬೇಕೆಂಬ ನಿಯಮವನ್ನೇ ತೆಗೆದುಹಾಕಿದರು. ಫ್ಲೋರಿಡಾ 2022–23ರಿಂದ ವರ್ಷಕ್ಕೆ ಮೂರು ಬಾರಿ ಪರೀಕ್ಷೆ ಇಡುತ್ತಿದೆ. ಟೆಕ್ಸಸ್ ಕೂಡ 2025ರಲ್ಲಿ ಕಾಯ್ದೆ ಮಾಡಿ, 2027–28ರಿಂದ ಸ್ಟಾರ್ ಬದಲಿಗೆ ಮೂರು ಚಿಕ್ಕ ಪರೀಕ್ಷೆಗಳನ್ನು ತರಲು ಹೊರಟಿದೆ. ಚಿಕ್ಕ ಪರೀಕ್ಷೆಗಳ ಲಾಭವೆಂದರೆ ಫಲಿತಾಂಶ ಬೇಗ ಟೀಚರ ಕೈಸೇರುವುದು. ವಸಂತದ ಒಂದೇ ಪರೀಕ್ಷೆಯ ವಿವರ ಸಿಗುವ ಹೊತ್ತಿಗೆ ಮಗು ಮುಂದಿನ ತರಗತಿಯಲ್ಲಿರುತ್ತದೆ.

ಪೋಷಕರಿಗೆ ಫಲಿತಾಂಶದ ಹಾಳೆಯೊಂದೇ ಆಧಾರವೆಂದಿಲ್ಲ. ಮಗುವಿನ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕನ್ನು 1974ರ ಕಾಯ್ದೆ ಪೋಷಕರಿಗೆ ಕೊಟ್ಟಿದೆ. ಕೋರಿದ 45 ದಿನಗಳೊಳಗೆ ಶಾಲೆ ತೋರಿಸಬೇಕು. ಯಾವ ಪರೀಕ್ಷೆ ಯಾವ ಉದ್ದೇಶಕ್ಕೆ, ಯಾರ ಆದೇಶದಂತೆ, ಎಷ್ಟು ಹೊತ್ತು ಎಂಬ ವಿವರವನ್ನು ಡಿಸ್ಟ್ರಿಕ್ಟುಗಳು ಪ್ರಕಟಿಸಬೇಕೆಂದು 2015ರ ಕಾಯ್ದೆ ಹೇಳುತ್ತದೆ. ಇಂಗ್ಲಿಷ್ ಸಾಲದ ಪೋಷಕರು ದುಭಾಷಿಯನ್ನು ಕೇಳಬಹುದು. ಟೆಕ್ಸಸ್ಸಿನ ಕುಟುಂಬ ಪೋರ್ಟಲಿನಲ್ಲಿ ಮಗು ಎದುರಿಸಿದ ಪ್ರಶ್ನೆಗಳು, ಅದು ಕೊಟ್ಟ ಉತ್ತರಗಳು, ತಾನೇ ಬರೆದ ಚಿಕ್ಕ ಪ್ರಬಂಧ ಸಹಿತ ತೆರೆದುಕೊಳ್ಳುತ್ತವೆ. ಆ ಬರಹಗಳ ಮೌಲ್ಯಮಾಪನವನ್ನು 2023ರ ಡಿಸೆಂಬರಿನಿಂದ ಹೆಚ್ಚಾಗಿ ಕಂಪ್ಯೂಟರೇ ಮಾಡುತ್ತಿದೆ, ಒಂದು ಪಾಲನ್ನು ಮಾತ್ರ ಮನುಷ್ಯರು ಮತ್ತೆ ಓದುತ್ತಾರೆ. ಅಲ್ಲಿ ಸೊನ್ನೆ ಬಿದ್ದಿದ್ದರೆ ತಂದೆತಾಯಿ ಮಗುವಿನ ಪಕ್ಕದಲ್ಲಿ ಕೂತು ಆ ಬರಹವನ್ನು ಓದಬಹುದು, ಟೀಚರ್‌ಗೆ ತೋರಿಸಬಹುದು, ಮರುಮೌಲ್ಯಮಾಪನಕ್ಕೂ ಕೇಳಬಹುದು.